ತೆಂಕುತಿಟ್ಟಿನ ಪ್ರಾಚೀನ ಗಾನ: ಪಾರ್ತಿಸುಬ್ಬನಿಂದ ಬಲಿಪರವರೆಗೆ

ಪುರಾತನ ಸಂಗೀತವನ್ನು ಅರಸಿ ಹೊರಟವರಿಗೆ ಯುರೋಪಿನಲ್ಲಿ ಸ್ವರಲಿಪಿಯ ಆಸರೆಯುಂಟು. ಬಾಖನು ಗತಿಸಿ ಬಹುಕಾಲವಾದ ಮೇಲೆ, 1829ರಲ್ಲಿ ಮೆಂಡೆಲ್ಸನ್ನನು ಅವನ ಮಹಾಕೃತಿಯೊಂದನ್ನು ಪುನಃ ಕೇಳಿಸಲು ಸಾಧ್ಯವಾದುದು ಆ ಲಿಪಿಯ ಬಲದಿಂದಲೇ. ತೆಂಕುತಿಟ್ಟೆಂಬ ಯಕ್ಷಗಾನ ಶೈಲಿಯು ಬೆಳೆದ ಕಾಸರಗೋಡಿನ ಕುಂಬಳೆ ಸೀಮೆಯ ಓಲೆಗರಿಗಳಲ್ಲಿಯಾದರೋ ಪದ್ಯದ ತಲೆಯಲ್ಲಿ ರಾಗದ ಹೆಸರೊಂದು, ತಾಳದ ಹೆಸರೊಂದು, ಇಷ್ಟೇ. ಉಳಿದುದೆಲ್ಲವೂ ಹಾಡುಗಾರನಾದ ಭಾಗವತನ ಕಂಠಕ್ಕೆ ಬಿಟ್ಟ ವಿಷಯ.

ಕುಂಬಳೆಯ ಕಣಿಪುರದ ಗೋಪಾಲಕೃಷ್ಣನನ್ನು ಸ್ತುತಿಸಿ, ಪುತ್ರಕಾಮೇಷ್ಟಿಯಿಂದ ಕುಶಲವರ ಕಾಳಗದವರೆಗೆ ರಾಮಕಥೆಯನ್ನು ಯಕ್ಷಗಾನ ಪ್ರಸಂಗಗಳಾಗಿ ಹೆಣೆದ ಪಾರ್ತಿಸುಬ್ಬನ ಹೆಸರಾದರೂ ಜನರ ನಾಲಗೆಯ ಮೇಲಿದೆ. ಆದರೆ ದೇವೀದಾಸ, ನಗಿರೆಯ ಸುಬ್ರಹ್ಮಣ್ಯ, ಹಟ್ಟಿಯಂಗಡಿ ರಾಮಭಟ್ಟ ಮೊದಲಾದವರ ಪದಗಳನ್ನು ಬೆಳಗಿನವರೆಗೆ ತಲೆದೂಗುತ್ತ ಕೇಳುವ ಪ್ರೇಕ್ಷಕರಲ್ಲಿ ಅವುಗಳ ಕರ್ತೃಗಳನ್ನು ಬಲ್ಲವರು ವಿರಳ.

ಸುಬ್ಬನ ಕುರಿತು ಪಂಡಿತರು ನಡೆಸಿದ ಚರ್ಚೆಯಂತೂ ಒಂದು ಕಾಳಗವೇ ಸರಿ. ಮುಳಿಯ ತಿಮ್ಮಪ್ಪಯ್ಯನವರು ಅವನ ಮೇಲೆ ಗ್ರಂಥವನ್ನೇ ರಚಿಸಿದರು, 1957ರ ‘ಯಕ್ಷಗಾನ ಬಯಲಾಟ’ದಲ್ಲಿ ಶಿವರಾಮ ಕಾರಂತರು ರಾಮಪ್ರಸಂಗಗಳ ಮೇಲಿನ ಅವನ ಕರ್ತೃತ್ವವನ್ನು ಸಂದೇಹಿಸಿದರು, ಕುಕ್ಕಿಲ ಕೃಷ್ಣ ಭಟ್ಟರು ಅವನ ಕೃತಿಗಳನ್ನು ಸಂಪಾದಿಸಿ, ಮಲಯಾಳದ ಕೊಟ್ಟಾರಕ್ಕರ ತಂಬುರಾನನ ರಾಮನಾಟ್ಟಂ ಪದಗಳೊಡನೆ ಅವುಗಳಿಗಿರುವ ಸಂಬಂಧವನ್ನು ತೋರಿಸಿದರು. ಕವಿಯ ಕರ್ತೃತ್ವದ ಚರ್ಚೆಗಾಗಿ ವ್ಯಯಿಸಿದ ಶ್ರಮದ ಕಾಲುಭಾಗವನ್ನಾದರೂ ಅವನ ರಾಗಗಳಿಗಾಗಿ ವ್ಯಯಿಸಿದ್ದರೆ ನಮ್ಮ ಲಾಭ ಹೆಚ್ಚುತ್ತಿತ್ತೆಂದು ನನಗನಿಸುವುದು. ಕೋರೆ, ಗೋಪನೀತೆ, ಮೇಚಾಳಿ, ದ್ವಿಜಾವಂತಿ ಎಂಬಂಥ ಹೆಸರುಗಳು ಪ್ರಸಂಗಪುಸ್ತಕದಲ್ಲಿ ಮುದ್ರಿತವಾಗಿದ್ದರೂ, ಅವುಗಳ ಸ್ಥಾನದಲ್ಲಿ ಸಂಗೀತ ಕಚೇರಿಯಿಂದ ಎರವಲು ತಂದ ಜನಪ್ರಿಯ ರಾಗಗಳು ಕುಳಿತಿರುವುದು ಇಂದಿನ ರಂಗಸ್ಥಳದಲ್ಲಿ ಸಾಮಾನ್ಯ.

ಈ ಪ್ರವಾಹಕ್ಕೆ ಎದುರಾಗಿ ಹಳೆಯ ಮಟ್ಟುಗಳನ್ನು ಹಿಡಿದು ನಿಂತ ಮನೆತನವೆಂದರೆ ಪಡ್ರೆಯ ಬಲಿಪರದು. ಅಜ್ಜ ಬಲಿಪ ನಾರಾಯಣ ಭಾಗವತರಿಂದ ಪರಂಪರೆಯನ್ನು ಪಡೆದು, ಅದೇ ಹೆಸರಿನ ಮೊಮ್ಮಗ ಬಲಿಪರು (1938–2023) ಪುಸ್ತಕದ ಹಂಗಿಲ್ಲದೆ, ಜಾಗಟೆಯ ಒಂದೊಂದು ಪೆಟ್ಟಿಗೂ ಅಕ್ಷರವನ್ನು ಸ್ಪಷ್ಟವಾಗಿ ಕೂರಿಸಿ, ಏರುಶ್ರುತಿಯಲ್ಲಿ ಪದವನ್ನೆತ್ತುತ್ತಿದ್ದಾಗ, ಆಲಾಪನೆಯ ಮೋಹಕ್ಕೆ ಸಾಹಿತ್ಯವು ಬಲಿಯಾಗುತ್ತಿರಲಿಲ್ಲ. ಅದಕ್ಕೇ ‘ಬಲಿಪ ಶೈಲಿ’ಯೆಂಬ ಹೆಸರು ರೂಢಿಗೆ ಬಂದಿತು.

ಹೊಸತಾಗಿ ಕೇಳಹೊರಟವರು ವೇಷಗಳ ಗದ್ದಲವಿಲ್ಲದ ತಾಳಮದ್ದಳೆಯಿಂದ ಆರಂಭಿಸುವುದು ಲೇಸು. ಚೆಂಡೆ ಮದ್ದಳೆಗಳ ನಡುವೆ ಭಾಗವತರು ‘ಪಂಚವಟಿ’ ಪ್ರಸಂಗದ ಪದವೊಂದನ್ನು ಮುಗಿಸಿ, ಅರ್ಥಧಾರಿಯು ಮಾತಿಗೆ ತೊಡಗುವ ಮುನ್ನ, ಅದರ ತಾಳವು ಝಂಪೆಯೋ ಅಷ್ಟವೋ ಎಂದು ತೊಡೆಯ ಮೇಲೆ ಎಣಿಸಿ ನೋಡಬಹುದು, ಅನಂತರ ಪುಸ್ತಕದಲ್ಲಿ ಕವಿಯ ಹೆಸರನ್ನೂ ನೋಡಬೇಕು. ಹಳೆಯ ಭಾಗವತಿಕೆಯ ಧ್ವನಿಸುರುಳಿಗಳು ಯಾರ ಮನೆಯ ಅಟ್ಟದಲ್ಲಿದ್ದರೂ, ಅವು ಬೂಸಲು ಹಿಡಿಯುವ ಮೊದಲೇ ಹೊರತೆಗೆದು ಪ್ರತಿಮಾಡಿಸಿ, ಹಾಡಿದವರ ಹೆಸರಿನೊಡನೆ ಪ್ರಸಂಗಕರ್ತನ ಹೆಸರನ್ನೂ ಅವುಗಳ ಮೇಲೆ ಬರೆದಿಡಬೇಕೆಂದು ಕಾಸರಗೋಡಿನ ಕನ್ನಡಿಗರಲ್ಲಿ ನನ್ನ ಪ್ರಾರ್ಥನೆ.