ಹಾಥಾರ್ನ್ ಕಾರ್ಖಾನೆಯ ಪಾಠ

ಸಂಬಳ ಹೆಚ್ಚಿದರೆ ದುಡಿಮೆಯೂ ಹೆಚ್ಚುವುದೆಂಬ ನಂಬಿಕೆ ಹಳೆಯದು. ಅದನ್ನು ಅಲುಗಾಡಿಸಿದ್ದು ಅಮೆರಿಕದ ಷಿಕಾಗೋ ಸಮೀಪ ಟೆಲಿಫೋನ್ ಉಪಕರಣಗಳನ್ನು ತಯಾರಿಸುತ್ತಿದ್ದ ಹಾಥಾರ್ನ್ ಕಾರ್ಖಾನೆ. ದೀಪದ ಬೆಳಕಿಗೂ ಉತ್ಪಾದನೆಗೂ ಇರುವ ನಂಟನ್ನು ಅರಿಯಲು 1924ರಲ್ಲಿ ಅಲ್ಲಿ ಪ್ರಯೋಗಗಳು ಆರಂಭವಾದವು. ಸ್ಪಷ್ಟವಾದ ನಂಟೇನೂ ಕಾಣಲಿಲ್ಲ.

1927ರಲ್ಲಿ, ರಿಲೇ ಎಂಬ ಬಿಡಿಭಾಗವನ್ನು ಜೋಡಿಸುವ ಕೆಲವೇ ಯುವತಿಯರನ್ನು ಪ್ರತ್ಯೇಕ ಕೋಣೆಯಲ್ಲಿ ಕೂರಿಸಲಾಯಿತು. ವಿರಾಮ, ಉಪಾಹಾರ, ಕಡಿಮೆ ಅವಧಿಯ ದುಡಿಮೆ ಒಂದೊಂದಾಗಿ ಬಂದವು, ಉತ್ಪಾದನೆ ಏರಿತು. ಮರುವರ್ಷ ಈ ಸವಲತ್ತುಗಳನ್ನು ಹಿಂತೆಗೆದುಕೊಂಡಾಗಲೂ ಅದು ಮೊದಲಿನ ಮಟ್ಟಕ್ಕೆ ಕುಸಿಯಲಿಲ್ಲ. ತಮ್ಮನ್ನು ಗಮನಿಸುವವರು, ತಮ್ಮ ಮಾತಿಗೆ ಕಿವಿಗೊಡುವವರು ಇದ್ದಾರೆಂಬ ಭಾವವೇ ಇದಕ್ಕೆ ಕಾರಣವೆಂದು ಎಲ್ಟನ್ ಮೇಯೋ ವಿವರಿಸಿದರು. ಪಠ್ಯಪುಸ್ತಕಗಳ ಕಥೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ.

ಆದರೆ 1928ರ ಜನವರಿಯಲ್ಲಿ ಅದೇ ಕೋಣೆಯಿಂದ, ಮಾತು ಹೆಚ್ಚು, ಸಹಕಾರ ಕಡಿಮೆ ಎಂಬ ಕಾರಣಕ್ಕೆ ಇಬ್ಬರು ಯುವತಿಯರನ್ನು ಹೊರಗಿಟ್ಟು ಬೇರೆಯವರನ್ನು ತರಲಾಗಿತ್ತು. ಕೂಲಿಯ ಲೆಕ್ಕವೂ ಬದಲಾಗಿತ್ತು: ದೊಡ್ಡ ವಿಭಾಗದ ಬದಲು ಆ ಪುಟ್ಟ ಗುಂಪಿನ ಉತ್ಪಾದನೆಯೇ ಅದಕ್ಕೆ ಆಧಾರವಾಗಿತ್ತು. 1931-32ರಲ್ಲಿ ಅದೇ ಕಾರ್ಖಾನೆಯ ಇನ್ನೊಂದು ಕೋಣೆಯಲ್ಲಿ ಗಮನಕ್ಕೊಳಗಾದ 14 ಮಂದಿ ಗಂಡಸರಾದರೋ, ಹೆಚ್ಚು ದುಡಿದರೆ ಕೂಲಿದರ ಇಳಿದೀತೆಂಬ ಶಂಕೆಯಿಂದ ದಿನದ ಕೆಲಸಕ್ಕೆ ತಾವೇ ಮಿತಿ ಹಾಕಿಕೊಂಡಿದ್ದರು.

ಗಮನವಿದ್ದೂ ನಂಬಿಕೆಯಿಲ್ಲದ ಕಡೆ ಕೈ ತಡೆಯುತ್ತದೆ. ಇಂದು ಪುಣೆ, ಹೈದರಾಬಾದುಗಳ ನಮ್ಮ ಕಚೇರಿಗಳಲ್ಲೂ ನೌಕರರ ತೃಪ್ತಿಯ ಸಮೀಕ್ಷೆಗಳು ನಡೆಯುತ್ತವೆ. ಅಪ್ರಿಯ ಉತ್ತರ ಕೊಟ್ಟವರ ಕುರ್ಚಿ ಮರುದಿನವೂ ಅಲ್ಲಿಯೇ ಇದ್ದರೆ ಮಾತ್ರ ಆ ಪ್ರಶ್ನೆಗಳಿಗೆ ಅರ್ಥ.