ತೂಕ ಇಳಿಸುವ ಇಂಜೆಕ್ಷನ್ ಅಗ್ಗವಾಗ್ತಿದೆ: ಶಿರಸಿ ಸೀಮೆಯವರು ತಿಳಿದಿರಬೇಕಾದದ್ದೇನು?

ಓಜೆಂಪಿಕ್, ವೆಗೋವಿ, ಮೌಂಜಾರೊ. ಕೆಲವೇ ವರ್ಷಗಳ ಹಿಂದೆ ಹಾಲಿವುಡ್ ಸುದ್ದಿಯಲ್ಲಷ್ಟೇ ಕಾಣುತ್ತಿದ್ದ ಹೆಸರುಗಳಿವು. 2025ರ ಮಾರ್ಚ್‌ನಲ್ಲಿ ಎಲಿ ಲಿಲ್ಲಿ ಕಂಪನಿಯ ಮೌಂಜಾರೊ, ಜೂನ್‌ನಲ್ಲಿ ನೊವೊ ನಾರ್ಡಿಸ್ಕ್‌ನ ವೆಗೋವಿ ಭಾರತದ ಮಾರುಕಟ್ಟೆಗೆ ಬಂದವು. ವೆಗೋವಿಯ ಹೆಚ್ಚಿನ ಡೋಸಿಗೆ ಆಗ ತಿಂಗಳಿಗೆ ಸುಮಾರು 26 ಸಾವಿರ ರೂಪಾಯಿ. 2026ರ ಮಾರ್ಚ್‌ನಲ್ಲಿ ಅದರ ಮೂಲವಸ್ತು ಸೆಮಾಗ್ಲುಟೈಡ್‌ನ ಪೇಟೆಂಟ್ ಭಾರತದಲ್ಲಿ ಮುಗಿಯಿತು. ದೇಶಿ ಕಂಪನಿಗಳಿಗೆ ಬಾಗಿಲು ತೆರೆಯಿತು, ಬೆಲೆ ಇಳಿಯುವ ದಾರಿಯೂ ತೆರೆಯಿತು.

ಬೆಲೆ ಇಳಿಯೋದು ಒಳ್ಳೆಯದೇ. ಆದರೆ ಈ ಔಷಧಿ ಒಮ್ಮೆ ಕೊಂಡು ಮುಗಿಸುವ ಸರಕಲ್ಲ. ಡೋಸ್ ಹೊಂದಿಸುವ ಡಾಕ್ಟರ್, ರಕ್ತಪರೀಕ್ಷೆ, ಊಟದ ಸಲಹೆ, ತಿಂಗಳಾನುಗಟ್ಟಲೆ ನಿಗಾ, ಇವೆಲ್ಲ ಜೊತೆಗಿದ್ದರೆ ಮಾತ್ರ ಅದು ಚಿಕಿತ್ಸೆ. ಶಿರಸಿ, ಸಿದ್ದಾಪುರ, ಯಲ್ಲಾಪುರದಂಥ ಕಡೆ ಔಷಧಿ ಮೊದಲು ಬಂದು, ಉಳಿದದ್ದು ಹಿಂದೆಯೇ ಉಳಿದುಬಿಟ್ಟರೆ? ಈ ಬರಹದ ಪ್ರಶ್ನೆ ಇದು.

ಇದು ಹೇಗೆ ಕೆಲಸ ಮಾಡುತ್ತೆ?

ಉಂಡಾಗ ನಮ್ಮ ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನ್ ಬಿಡುತ್ತದೆ. "ಹೊಟ್ಟೆ ತುಂಬಿತು" ಅಂತ ಮಿದುಳಿಗೆ ಹೇಳುವ ಸಂಕೇತಗಳಲ್ಲಿ ಇದೂ ಒಂದು. ಸೆಮಾಗ್ಲುಟೈಡ್ ಇದನ್ನೇ ಅನುಕರಿಸುತ್ತದೆ. ಮೌಂಜಾರೊದಲ್ಲಿರುವ ಟಿರ್ಜೆಪಟೈಡ್ ಇದರ ಜೊತೆ ಜಿಐಪಿ ಎಂಬ ಇನ್ನೊಂದು ಹಾರ್ಮೋನಿನ ಕೆಲಸವನ್ನೂ ಮಾಡುತ್ತದೆ. ಹಸಿವು ತಗ್ಗುತ್ತದೆ, ಹೊಟ್ಟೆ ಖಾಲಿಯಾಗೋದು ನಿಧಾನವಾಗುತ್ತದೆ. ವಾರಕ್ಕೊಂದು ಇಂಜೆಕ್ಷನ್. ಸಣ್ಣ ಡೋಸಿನಿಂದ ಶುರುಮಾಡಿ ತಿಂಗಳುಗಟ್ಟಲೆ ನಿಧಾನಕ್ಕೆ ಏರಿಸಬೇಕು.

ಫಲಿತಾಂಶ ಹುಸಿಯಲ್ಲ. 2021ರಲ್ಲಿ ಪ್ರಕಟವಾದ ಸ್ಟೆಪ್-1 ಅಧ್ಯಯನದಲ್ಲಿ ಸೆಮಾಗ್ಲುಟೈಡ್ ತೆಗೆದುಕೊಂಡವರ ತೂಕ 68 ವಾರಗಳಲ್ಲಿ ಸರಾಸರಿ ಶೇ 14.9ರಷ್ಟು ಇಳಿಯಿತು. ಹುಸಿಮದ್ದು ಪಡೆದವರದ್ದು ಶೇ 2.4. ಟಿರ್ಜೆಪಟೈಡ್‌ನ ದೊಡ್ಡ ಡೋಸಿನಲ್ಲಿ 72 ವಾರಕ್ಕೆ ಸುಮಾರು ಶೇ 21ರಷ್ಟು ಇಳಿಕೆ ಕಂಡಿತು. ಗಮನಿಸಿ: ಎರಡರಲ್ಲೂ ಎಲ್ಲರಿಗೂ ಊಟ-ವ್ಯಾಯಾಮದ ಸಲಹೆ ಜೊತೆಗಿತ್ತು.

ಬಿಟ್ಟರೆ ಏನಾಗುತ್ತೆ?

ಸ್ಟೆಪ್-1ರ ಮುಂದುವರಿದ ಭಾಗದಲ್ಲಿ, ಇಂಜೆಕ್ಷನ್ ನಿಲ್ಲಿಸಿ ಒಂದು ವರ್ಷದೊಳಗೆ ಇಳಿದ ತೂಕದ ಮೂರನೇ ಎರಡು ಭಾಗ ವಾಪಸ್ ಬಂತು. 80 ಕೆ.ಜಿ. ಇದ್ದವರು 12 ಕೆ.ಜಿ. ಇಳಿಸಿದ್ದರೆ, ಸುಮಾರು 8 ಕೆ.ಜಿ. ಮರಳಿ ಬಂದ ಹಾಗೆ. ಇದು ರೋಗಿಯ ಸೋಮಾರಿತನವಲ್ಲ. ಬಿಪಿ ಗುಳಿಗೆ ಬಿಟ್ಟರೆ ಬಿಪಿ ಏರುವುದಿಲ್ಲವೇ, ಹಾಗೆಯೇ ಬೊಜ್ಜು ಕೂಡ ಬಹುಕಾಲದ ಕಾಯಿಲೆ. ಹಾಗಾಗಿ "ತಂಗಿ ಮದುವೆಗೆ ಮೂರು ತಿಂಗಳಿದೆ, ಅಷ್ಟರಲ್ಲಿ ಇಳಿಸ್ತೀನಿ" ಎನ್ನುವವರಿಗೆ ಇದು ಹೇಳಿಮಾಡಿಸಿದ್ದಲ್ಲ. ಅಡಿಕೆ ದರ ಏರಿದ ವರ್ಷ ಶುರುಮಾಡಿ, ಕೊಳೆರೋಗ ಬಂದ ವರ್ಷ ಬಿಡುವಂತಾದರೆ ದುಡ್ಡೂ ಹೋಯ್ತು, ತೂಕವೂ ಬಂತು.

ಯಾರಿಗೆ ಬೇಕು, ಯಾರಿಗೆ ಬೇಡ?

ಕೆ.ಜಿ. ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದರೆ ಬಿಎಂಐ ಸಿಗುತ್ತದೆ. ಭಾರತೀಯರಿಗೆ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಎಂದು ಇಲ್ಲಿನ ತಜ್ಞರು ಲೆಕ್ಕ ಹಿಡಿಯುತ್ತಾರೆ. 160 ಸೆಂ.ಮೀ. ಎತ್ತರದವರಿಗೆ ಇದು ಸುಮಾರು 59 ಮತ್ತು 64 ಕೆ.ಜಿ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ದಾಟಿದರೂ ಎಚ್ಚರಿಕೆ ಬೇಕು. ಕೈಕಾಲು ಸಣಕಲಾಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರಿಗೂ ಅಪಾಯವಿದೆ.

ಹಾಗಂತ ಈ ಗೆರೆ ದಾಟಿದವರಿಗೆಲ್ಲ ಇಂಜೆಕ್ಷನ್ ಬೇಕು ಅಂತಲ್ಲ. ಸಾಮಾನ್ಯವಾಗಿ ಬಿಎಂಐ 30 ಮೇಲಿದ್ದವರಿಗೆ, ಅಥವಾ 27 ದಾಟಿ ಶುಗರ್, ಬಿಪಿಯಂಥ ತೊಂದರೆಯೂ ಇದ್ದವರಿಗೆ ಈ ಔಷಧಿ.

ಓಕರಿಕೆ, ವಾಂತಿ, ಭೇದಿ, ಮಲಬದ್ಧತೆ ಸಾಮಾನ್ಯ. ಪಿತ್ತಕೋಶದ ಕಲ್ಲು ಮತ್ತು ಮೇದೋಜೀರಕ ಗ್ರಂಥಿಯ ಉರಿಯೂತ ಅಪರೂಪ, ಆದರೆ ಗಂಭೀರ. ತಡೆಯಲಾಗದ ಹೊಟ್ಟೆನೋವು ಬಂದರೆ ಕಷಾಯ ಕುಡಿದು ಕಾಯುವಂತಿಲ್ಲ, ಆಸ್ಪತ್ರೆಗೆ ಹೋಗಬೇಕು. ಮೆಡ್ಯುಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್ ಮನೆತನದಲ್ಲಿದ್ದವರಿಗೆ, ಗರ್ಭಿಣಿಯರಿಗೆ ಇದು ಬೇಡ. ಮಗು ಬೇಕೆನ್ನುವವರು ಸೆಮಾಗ್ಲುಟೈಡನ್ನು ಕನಿಷ್ಠ ಎರಡು ತಿಂಗಳು ಮೊದಲೇ ನಿಲ್ಲಿಸಬೇಕು. ಟಿರ್ಜೆಪಟೈಡ್ ಗರ್ಭನಿರೋಧಕ ಗುಳಿಗೆಯ ಬಲ ತಗ್ಗಿಸಬಹುದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಜೊತೆ ಸೇರಿದರೆ ಶುಗರ್ ತೀರಾ ಇಳಿಯಬಹುದು. ಇದೆಲ್ಲ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಬಗೆಹರಿಯುವ ವಿಷಯವಲ್ಲ.

ನಮ್ಮ ಕಡೆಗೇ ಮೀಸಲಾದ ತಾಪತ್ರಯವೂ ಒಂದಿದೆ. ಬಳಸಲು ಶುರುಮಾಡದ ಇಂಜೆಕ್ಷನ್ ಪೆನ್ನನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದ ಮನೆಗಳು ಏನು ಮಾಡಬೇಕು? ಹೊರಗೆ ಎಷ್ಟು ದಿನ ಇಡಬಹುದು ಅನ್ನೋದು ಒಂದೊಂದು ಬ್ರ್ಯಾಂಡಿಗೆ ಒಂದೊಂದು ಥರ. ಕೊಳ್ಳುವಾಗಲೇ ಮೆಡಿಕಲ್‌ನಲ್ಲಿ ಕೇಳಿ. ಫ್ರೀಜ್ ಆದ ಪೆನ್ ಬಳಸಬೇಡಿ.

ಊಟ ಹಾಗೇ ಇದೆ, ಕೆಲಸ ಬದಲಾಗಿದೆ

ಬೆಳಿಗ್ಗೆ ಜೋನಿಬೆಲ್ಲದ ಜೊತೆ ದೋಸೆ, ಮಧ್ಯಾಹ್ನ ಅನ್ನ, ರಾತ್ರಿ ಅನ್ನ, ನಡುವೆ ಸಕ್ಕರೆ ಹಾಕಿದ ಚಹಾ. ತಲೆಮೇಲೆ ಸೊಪ್ಪಿನ ಹೊರೆ ಹೊತ್ತು ಬೆಟ್ಟ ಹತ್ತಿಳಿಯುತ್ತಿದ್ದ ದೇಹಕ್ಕೆ ಈ ಲೆಕ್ಕ ಸರಿಯಿತ್ತು. ಈಗ ಕೊನೆಕೊಯ್ಲಿಗೆ ಕಾರ್ಬನ್ ಫೈಬರ್ ದೋಟಿ, ಕಳೆಗೆ ಯಂತ್ರ, ಪೇಟೆಗೆ ಬೈಕು. ಮನೆಯಲ್ಲೇ ಲ್ಯಾಪ್‌ಟಾಪ್ ಹಿಡಿದು ಕೂತ ಹುಡುಗರಿಗೆ ತೋಟಕ್ಕಿಳಿಯುವುದೂ ಅಪರೂಪ. ದುಡಿಮೆ ಹಗುರವಾಗಿದ್ದು ತಪ್ಪಲ್ಲ. ತಟ್ಟೆ ಮಾತ್ರ ಹಳೇ ದುಡಿಮೆಯ ಅಳತೆಯಲ್ಲೇ ಉಳಿಯಿತು.

ಬದಲಾವಣೆಗೆ ಓಟ್ಸ್ ಪ್ಯಾಕೆಟ್ ಬೇಕಿಲ್ಲ. ಅನ್ನ ಒಂದು ಸೌಟು ಕಡಿಮೆ, ಪಲ್ಯ ಒಂದು ಸೌಟು ಹೆಚ್ಚು. ಹೆಸರುಕಾಳು, ಕಡಲೆ, ಮೊಸರು, ತಿನ್ನುವವರಿಗೆ ಮೊಟ್ಟೆ-ಮೀನು. ತಂಬುಳಿ, ಅಪ್ಪೆಹುಳಿ ಚೆನ್ನ, ಆದರೆ ಅವುಗಳ ಹೆಸರಲ್ಲಿ ಇಳಿಯುವ ಅನ್ನದ ಮೇಲೆ ಕಣ್ಣಿರಲಿ. ಇಂಜೆಕ್ಷನ್ ತೆಗೆದುಕೊಳ್ಳುವವರಿಗಂತೂ ಪ್ರೋಟೀನ್ ಮತ್ತು ಭಾರ ಎತ್ತುವ ವ್ಯಾಯಾಮ ಬೇಕೇ ಬೇಕು. ಇಳಿಯುವ ತೂಕದಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ.

ಕವಳದ ಬಗ್ಗೆಯೂ ಪ್ರಾಮಾಣಿಕವಾಗಿರೋಣ. ನಮ್ಮ ಅನ್ನ ಅಡಿಕೆಯಿಂದಲೇ ಬರುತ್ತದೆ, ನಿಜ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆ ಜಗಿಯುವುದಕ್ಕೂ ಬೊಜ್ಜು, ಶುಗರ್‌ಗೂ ನಂಟಿದೆ ಎಂದು ತೈವಾನ್‌ನ ಅಧ್ಯಯನಗಳು ತೋರಿಸಿವೆ.

ಸಣ್ಣ ಬದಲಾವಣೆ ಸಣ್ಣದಲ್ಲ. ಚೆನ್ನೈನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಭಾರತೀಯ ಮಧುಮೇಹ ತಡೆ ಅಧ್ಯಯನದಲ್ಲಿ, ಊಟ ಮತ್ತು ನಡಿಗೆಯ ಬದಲಾವಣೆಯಿಂದಲೇ ಮಧುಮೇಹ ಬರುವ ಸಾಧ್ಯತೆ ಶೇ 28.5ರಷ್ಟು ತಗ್ಗಿತ್ತು. ತೂಕದ ಯಂತ್ರ ಅಲುಗಾಡದಿದ್ದರೂ ದೇಹಕ್ಕೆ ಲಾಭ ಆಗುತ್ತಿರಬಹುದು.

ಎಲ್ಲರದ್ದೂ ಒಂದೇ ಕಥೆಯಲ್ಲ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ ಸುಮಾರು ಶೇ 30ರಷ್ಟು ಮಹಿಳೆಯರ ತೂಕ ಹೆಚ್ಚು. ಅದೇ ಸಮೀಕ್ಷೆಯಲ್ಲಿ ಸುಮಾರು ಶೇ 17ರಷ್ಟು ಮಹಿಳೆಯರ ತೂಕ ಇರಬೇಕಾದ್ದಕ್ಕಿಂತ ಕಡಿಮೆ. ತೋಟದ ಯಜಮಾನರ ಮನೆಯ ಕಾಯಿಲೆಯನ್ನೇ ಇಡೀ ಸೀಮೆಯ ಕಾಯಿಲೆ ಅಂದುಕೊಳ್ಳಬಾರದು. ಯಲ್ಲಾಪುರದ ಕಾಡಂಚಿನ ಸಿದ್ದಿ, ಗೌಳಿ, ಕುಣಬಿ ಕುಟುಂಬಗಳಿಗೆ, ಕೂಲಿಗೆ ಬರುವ ಹೆಂಗಸರಿಗೆ ಹೊಟ್ಟೆತುಂಬ ಒಳ್ಳೆಯ ಊಟ ಸಿಗುತ್ತಿದೆಯೇ ಅನ್ನೋದೇ ಮೊದಲ ಪ್ರಶ್ನೆ. ಅಕ್ಕಿ ಜೊತೆ ಬೇಳೆ-ಕಾಳು, ಮೊಟ್ಟೆ ಸಿಗುವಂತೆ ಮಾಡುವುದು ಎರಡೂ ಕಡೆಯವರಿಗೆ ಮದ್ದು.

ಕಾನೂನು ಏನು ಹೇಳುತ್ತೆ, ಸರ್ಕಾರ ಏನು ಮಾಡಬೇಕು?

ಡಾಕ್ಟರ್ ಚೀಟಿ ಇಲ್ಲದೆ ಈ ಇಂಜೆಕ್ಷನ್ ಮಾರುವಂತಿಲ್ಲ. ಬೊಜ್ಜು ವಾಸಿ ಮಾಡುತ್ತೇವೆ ಎಂಬ ಜಾಹೀರಾತನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ಆದರೂ ಬಸ್‌ಸ್ಟ್ಯಾಂಡಿನ ಗೋಡೆ, ಫೋನಿನ ರೀಲ್ಸ್ ತುಂಬ ಅವೇ. ಹೃದಯಕ್ಕೆ ಅಪಾಯವೆಂದು ಭಾರತ 2011ರಲ್ಲಿ ನಿಷೇಧಿಸಿದ ಸಿಬುಟ್ರಮಿನ್, "ಗಿಡಮೂಲಿಕೆ" ಹೆಸರಿನ ತೂಕದ ಪುಡಿ-ಗುಳಿಗೆಗಳಲ್ಲಿ ಕದ್ದು ಬೆರೆತಿರುವುದು ಜಗತ್ತಿನ ಹಲವೆಡೆ ಸಿಕ್ಕಿಬಿದ್ದಿದೆ.

ಇನ್ನು ಡಾಕ್ಟರ್ ಎಲ್ಲಿ? 2019ರಲ್ಲಿ ಉತ್ತರ ಕನ್ನಡದ ಯುವಜನರು ಟ್ವಿಟರ್‌ನಲ್ಲಿ ತುರ್ತು ಆಸ್ಪತ್ರೆಗಾಗಿ ಅಭಿಯಾನ ನಡೆಸಿದರು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬ್ಯುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಉರುಳಿದಾಗ ಆ ಕೂಗು "ಆಸ್ಪತ್ರೆ ಇಲ್ಲದಿದ್ದರೆ ಮತ ಇಲ್ಲ" ಎಂಬ ಮಟ್ಟಕ್ಕೆ ಏರಿತು. ಇಂದಿಗೂ ದೊಡ್ಡ ಕಾಯಿಲೆ ಅಂದರೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರಿಗೆ ಹೊರಡುವುದೇ ಇಲ್ಲಿನ ರೂಢಿ.

ತೂಕದ ಚಿಕಿತ್ಸೆಗೆ ಸೂಪರ್ ಸ್ಪೆಷಾಲಿಟಿ ಕಟ್ಟಡ ಬೇಕಿಲ್ಲ. ಶಿರಸಿಯ ಪಂಡಿತ್ ಸಾರ್ವಜನಿಕ ಆಸ್ಪತ್ರೆಯಲ್ಲೂ, ಸಿದ್ದಾಪುರ, ಯಲ್ಲಾಪುರದ ತಾಲ್ಲೂಕು ಆಸ್ಪತ್ರೆಗಳಲ್ಲೂ ವಾರಕ್ಕೊಂದು ದಿನ ಶುಗರ್-ಬಿಪಿ-ತೂಕದ ಕ್ಲಿನಿಕ್, ಒಬ್ಬ ಫಿಸಿಷಿಯನ್, ಒಬ್ಬ ಪಥ್ಯ ಸಲಹೆಗಾರರು, ಉಚಿತ ರಕ್ತಪರೀಕ್ಷೆ, ಹಾರ್ಮೋನ್ ತಜ್ಞರ ಜೊತೆ ವಿಡಿಯೊ ಸಮಾಲೋಚನೆ ಇದ್ದರೆ ಅರ್ಧ ಕೆಲಸ ಆಯ್ತು. 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆಯ ತಪಾಸಣೆ, ಮನೆಗೂ ಈ ಕ್ಲಿನಿಕ್ಕಿಗೂ ಕೊಂಡಿಯಾಗಬಹುದು.

ಮುಂದಿನ ಸಲ ಮತ ಕೇಳಲು ಬಂದವರಿಗೆ "ಆಸ್ಪತ್ರೆ ಯಾವಾಗ?" ಎನ್ನುವುದರ ಜೊತೆ ಇದನ್ನೂ ಕೇಳಿ: "ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಶುಗರ್, ತೂಕ ನೋಡುವ ಡಾಕ್ಟರ್ ಯಾವ ದಿನ ಸಿಗ್ತಾರೆ?" ಅದಕ್ಕೆ ಉತ್ತರವಾಗಿ ಒಂದು ವಾರದ ಹೆಸರು ಬರಬೇಕು, ಭರವಸೆಯಲ್ಲ.