ಹಸಿವೂ ಉಪವಾಸವೂ: ಮೈಸೂರು ಸೀಮೆಯ ಕ್ರೈಸ್ತರ ಒಂದು ಆಚಾರ

ಉಪವಾಸವೆಂಬ ಮಾತನ್ನು ನಾವು ಎರಡು ಬಗೆಯಾಗಿ ಆಡುತ್ತೇವೆ. ಏಕಾದಶಿಯ ದಿನ ಮನೆಯ ಹಿರಿಯರು ಉಪವಾಸ ಮಾಡುತ್ತಾರೆ. ಮಳೆ ಹೋದ ವರ್ಷ ಕೂಲಿಯವನ ಮನೆಯವರು ಉಪವಾಸ ಬೀಳುತ್ತಾರೆ. ಒಂದರಲ್ಲಿ ಅನ್ನ ಮುಂದಿದ್ದರೂ ಕೈ ಹಿಂದೆಗೆಯುತ್ತದೆ. ಇನ್ನೊಂದರಲ್ಲಿ ಕೈ ನೀಡಿದರೂ ಅನ್ನವಿಲ್ಲ. ಹೊಳಲ್ಕೆರೆ ತಾಲ್ಲೂಕಿನ ಹೊರಕೆರೆದೇವಪುರದಂಥ ಊರಿನವರಿಗೆ ಈ ಎರಡು ಅರ್ಥಗಳನ್ನೂ ಯಾರೂ ಹೇಳಿಕೊಡಬೇಕಾಗಿಲ್ಲ. ಊರಿನಲ್ಲಿ ನರಸಿಂಹಸ್ವಾಮಿಯ ದೇವಾಲಯವಿದೆ. ಆದ್ದರಿಂದ ವ್ರತದ ಉಪವಾಸ ಹೊಸದಲ್ಲ. ಚಿತ್ರದುರ್ಗದ ಸೀಮೆ ಮಳೆ ಕಡಮೆಯ ಸೀಮೆ. ಊರಿನ ಹೆಸರಿನಲ್ಲಿ ಕೆರೆಯಿದ್ದ ಮಾತ್ರಕ್ಕೆ ಕೆರೆಯಲ್ಲಿ ನೀರಿರಬೇಕೆಂದಿಲ್ಲ. ಆದ್ದರಿಂದ ಎರಡನೆಯ ಉಪವಾಸವೂ ಹೊಸದಲ್ಲ. ಈ ಎರಡು ಅರ್ಥಗಳೂ ಬೇರೂರಿದ್ದ ನಾಡಿಗೆ ಕ್ರೈಸ್ತರ ಉಪವಾಸ ಪ್ರಾರ್ಥನೆಗಳು ಬಂದಾಗ ಏನಾಯಿತೆಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸೋಣ.

ಆ ಮತದಲ್ಲಿ ಉಪವಾಸದ ಮೂಲವನ್ನು ಬಹಳ ದೂರ ಹುಡುಕಬೇಕಾಗಿಲ್ಲ. ಯೇಸುಸ್ವಾಮಿಯು ಅರಣ್ಯದಲ್ಲಿ ನಲವತ್ತು ದಿನ ನಿರಾಹಾರನಾಗಿದ್ದನೆಂದು ಸುವಾರ್ತೆಗಳು ಹೇಳುತ್ತವೆ. ಒಂದನೆಯ ಶತಮಾನದ ಕೊನೆಯ ವೇಳೆಯದೆಂದು ಹಲವು ವಿದ್ವಾಂಸರು ಎಣಿಸುವ ‘ದಿದಕೆ’ ಎಂಬ ಚಿಕ್ಕ ಗ್ರಂಥವು ಬುಧವಾರ ಶುಕ್ರವಾರಗಳನ್ನು ಉಪವಾಸದ ದಿನಗಳೆಂದು ಗೊತ್ತುಮಾಡಿತು. 325ರ ನೈಸಿಯ ಮಹಾಸಭೆಯ ನಿಬಂಧನೆಗಳಲ್ಲಿ ನಲವತ್ತು ದಿನಗಳ ಕಾಲದ ಪ್ರಸ್ತಾಪ ಬರುತ್ತದೆ. ಇಂದು ನಮ್ಮ ಕಥೋಲಿಕರು ತಪಸ್ಸುಕಾಲವೆಂದು ಕರೆಯುವುದು ಇದನ್ನೇ. ಭಾನುವಾರಗಳನ್ನು ಎಣಿಕೆಯಿಂದ ಬಿಡುವುದರಿಂದ ಅದು ಬುಧವಾರ ಮೊದಲಾಗುತ್ತದೆ. ಅಂದು ಹಣೆಗೆ ಬೂದಿಯಿಡುತ್ತಾರೆ. ಆದರೆ ಈ ಎಲ್ಲ ನಿಯಮಗಳ ಹಿಂದೆ ಒಂದು ಎಚ್ಚರಿಕೆಯಿದೆ. ಉಪವಾಸ ಮಾಡುವವನು ಮುಖ ತೊಳೆದು, ತಲೆಗೆ ಎಣ್ಣೆ ಹಚ್ಚಿ, ತಾನು ಹಸಿದಿರುವುದು ನೆರೆಯವರಿಗೆ ತಿಳಿಯದಂತಿರಬೇಕೆಂದು ಮತ್ತಾಯನ ಸುವಾರ್ತೆಯ ಪರ್ವತ ಪ್ರಸಂಗದಲ್ಲಿ ಬೋಧಿಸಿದೆ. ಪ್ರಾರ್ಥನೆಗೂ ದಾನಕ್ಕೂ ಅದೇ ಕಟ್ಟಳೆ. ಈ ಮೂರನ್ನೂ ಅಲ್ಲಿ ಒಟ್ಟಿಗೆ ಹೇಳಿರುವುದನ್ನು ಗಮನದಲ್ಲಿಡಬೇಕು.

ಈ ಗುಟ್ಟಿನ ಕಟ್ಟಳೆಗೆ ನಮ್ಮ ದೇಶದಲ್ಲಿ ಒಂದು ವಿಚಿತ್ರವಾದ ಪರೀಕ್ಷೆ ಒದಗಿತು. 1649ರಲ್ಲಿ, ಕಂಠೀರವ ನರಸರಾಜ ಒಡೆಯರ ಆಳಿಕೆಯಲ್ಲಿ, ಲಿಯೊನಾರ್ಡೊ ಚಿನ್ನಾಮಿ ಎಂಬ ಇಟಲಿ ದೇಶದ ಜೆಸುಯಿಟ್ ಪಾದ್ರಿಯು ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ನನ್ನು ಆರಂಭಿಸಿದನು. ಕನ್ನಡ ಕಲಿತು, ಕನ್ನಡದಲ್ಲಿ ಮತಬೋಧೆಯ ಗ್ರಂಥಗಳನ್ನು ಬರೆದವನು ಅವನು. ಮಧುರೆಯಲ್ಲಿ 1606ರಿಂದೀಚೆಗೆ ರಾಬರ್ಟ್ ಡಿ ನೊಬಿಲಿಯು ಹಿಡಿದಿದ್ದ ದಾರಿಯನ್ನೇ ಇವರೂ ಹಿಡಿದರು: ಕಾವಿಯ ಬಟ್ಟೆ, ಮಾಂಸಮದ್ಯಗಳ ವರ್ಜನ, ದಿನಕ್ಕೆ ಒಂದೇ ಊಟ. ಐರೋಪ್ಯನು ಹೊಟ್ಟೆಬಾಕನೆಂದೂ ಕುಡುಕನೆಂದೂ ತಿಳಿದಿದ್ದ ಜನರ ನಡುವೆ ಒಪ್ಪೊತ್ತಿನ ಪಾದ್ರಿಯು ಸಂನ್ಯಾಸಿಯೆನಿಸಿಕೊಂಡನು. ಅವನ ಮಾತನ್ನು ಕೇಳುವುದಕ್ಕೆ ಮುಂಚೆ ಜನರು ಅವನ ಎಲೆಯನ್ನು ನೋಡಿದರು.

ಇಲ್ಲಿಯ ತೊಡಕು ಸಾಮಾನ್ಯವಾದುದಲ್ಲ. ಉಪವಾಸವನ್ನು ಮುಚ್ಚಿಡು ಎಂಬುದು ಗುರುವಿನ ಆಜ್ಞೆ. ಉಪವಾಸ ಕಾಣದಿದ್ದರೆ ಶಿಷ್ಯನ ಬೋಧೆಗೆ ಇಲ್ಲಿ ಬೆಲೆಯೇ ಇಲ್ಲ. ಆ ಪಾದ್ರಿಗಳು ಕಪಟಿಗಳೆಂದು ಕೆಲವರು ಬರೆದಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ನೋಡುವವರಿಗಾಗಿ ವರ್ಷಕ್ಕೆ ಒಂದು ದಿನ ಉಪವಾಸ ಮಾಡಬಹುದು. ಬದುಕಿರುವವರೆಗೆ ಪ್ರತಿದಿನವೂ ಒಪ್ಪೊತ್ತು ಉಣ್ಣುವುದು ವೇಷಧಾರಿಯಿಂದ ಆಗುವ ಕೆಲಸವಲ್ಲ. ಆದರೆ ನೆರೆಯವರು ಅದನ್ನು ಓದಿಕೊಂಡ ಬಗೆಯೇ ಬೇರೆ. ನಮ್ಮವರ ಪಾಲಿಗೆ ಅದು ತಪಸ್ಸು. ತಪಸ್ಸೆಂದರೆ ಶಕ್ತಿಯ ಸಂಪಾದನೆ. ಪಾದ್ರಿಗಳ ಪಾಲಿಗೆ ಅದು ಪಶ್ಚಾತ್ತಾಪ. ತನ್ನಲ್ಲಿ ಶಕ್ತಿಯಿಲ್ಲವೆಂಬ ಒಪ್ಪಿಗೆ. ಕಣ್ಣಿಗೆ ಎರಡೂ ಒಂದೇ.

1773ರಲ್ಲಿ ಪೋಪರು ಜೆಸುಯಿಟ್ ಸಂಘವನ್ನೇ ರದ್ದುಪಡಿಸಿದರು. ಅದರ ತರುವಾಯ ಹತ್ತು ಹನ್ನೊಂದು ವರ್ಷಗಳಲ್ಲಿ ಕರಾವಳಿಯ ಕ್ರೈಸ್ತರಿಗೆ ದೊಡ್ಡ ವಿಪತ್ತು ಬಂದಿತು. 1784ರಲ್ಲಿ ಟಿಪ್ಪೂಸುಲ್ತಾನನ ಅಪ್ಪಣೆಯಂತೆ ಅವರನ್ನು ಸೆರೆಹಿಡಿದು ಘಟ್ಟದ ಮೇಲಕ್ಕೆ ಶ್ರೀರಂಗಪಟ್ಟಣಕ್ಕೆ ನಡೆಸಿದರು. ಅದು ಬೂದಿ ಬುಧವಾರದಂದು ಮೊದಲಾಯಿತೆಂದು ಅವರ ಪರಂಪರೆ ಹೇಳುತ್ತದೆ. ಸಂಖ್ಯೆಯ ವಿಷಯದಲ್ಲಿ ಮೂವತ್ತು ಸಾವಿರದಿಂದ ಎಂಬತ್ತು ಸಾವಿರದವರೆಗೆ ಲೆಕ್ಕಗಳು ಭಿನ್ನವಾಗಿವೆ. ಆ ವಿವಾದ ಇಲ್ಲಿ ಬೇಡ. ಪಾದ್ರಿಗಳನ್ನು ಹೊರಗಟ್ಟಿದ್ದುದರಿಂದ ಪೂಜೆ ಸಂಸ್ಕಾರಗಳಿಗೆ ಎಡೆಯಿರಲಿಲ್ಲ. ಪಾದ್ರಿಯಿಲ್ಲದೆ ನಡೆಯಬಹುದಾದವು ಎರಡೇ, ಪ್ರಾರ್ಥನೆ ಮತ್ತು ಉಪವಾಸ. ಎರಡನೆಯದನ್ನು ಆ ದಾರಿಯಲ್ಲಿ ಯಾರೂ ಆರಿಸಿಕೊಳ್ಳಬೇಕಾಗಿರಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಉಳಿದ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದವನು ಫ್ರಾನ್ಸಿನ ಅಬ್ಬೆ ದುಬೊಯಿ. ಅವನೂ ದೇಶೀಯರ ಉಡುಪನ್ನೂ ಊಟವನ್ನೂ ಅನುಸರಿಸಿ ಬದುಕಿ, 1823ರಲ್ಲಿ ಸ್ವದೇಶಕ್ಕೆ ಮರಳಿದನು.

ಊಟದ ಮಾತು ಬಂದಿತು. ಐರೋಪ್ಯ ಕಥೋಲಿಕರಿಗೆ ಉಪವಾಸದ ಕಾಲದಲ್ಲಿ ಮುಖ್ಯವಾದ ತ್ಯಾಗವೆಂದರೆ ಮಾಂಸ. ಬಯಲುಸೀಮೆಯ ಒಕ್ಕಲಿಗೆ, ರಾಗಿಮುದ್ದೆ ಮತ್ತು ಸೊಪ್ಪಿನ ಸಾರು ನಿತ್ಯದ ಊಟವಾಗಿದ್ದವನಿಗೆ, ಶುಕ್ರವಾರ ಮಾಂಸ ಬಿಡು ಎಂದರೆ ಅವನು ಬಿಡುವುದಾದರೂ ಏನನ್ನು? ಶೀತದೇಶದ ಶ್ರೀಮಂತನ ಮೇಜನ್ನು ನೋಡಿ ಮಾಡಿದ ಕಟ್ಟಳೆಯು ಬಡವನ ಗುಡಿಸಿಲಿಗೆ ಬಂದಾಗ ಅದರ ತೂಕವೆಲ್ಲ ಹೊತ್ತಿನ ಮೇಲೆ ಬಿದ್ದಿತು. ತಮಿಳು ಕ್ರೈಸ್ತರು ಉಪವಾಸವನ್ನು ‘ಒರುಸಂದಿ’ ಎನ್ನುತ್ತಾರೆ. ಅದರ ಅರ್ಥ ನಮ್ಮ ಒಪ್ಪೊತ್ತೇ.

ಪ್ರಾಟೆಸ್ಟೆಂಟ್ ಮಿಷನ್ನಿನವರಿಗೆ ಇದ್ದ ಅಂಜಿಕೆ ಬೇರೆ. ಉಪವಾಸದಿಂದ ಪುಣ್ಯ ಬರುತ್ತದೆಂದು ಜನ ತಿಳಿದಾರೆಂಬುದೇ ಅದು. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಮತ್ತು ಅವನ ಜೊತೆಗಾರರು ಬೈಬಲನ್ನು ಕನ್ನಡಿಸುವ ಕೆಲಸಕ್ಕೆ ಕೈಹಾಕಿದರು. ಕನ್ನಡ ಬೈಬಲಿನಲ್ಲಿ ನೆಲೆನಿಂತ ಮಾತು ವ್ರತವಲ್ಲ, ಹರಕೆಯಲ್ಲ, ಉಪವಾಸ. ಬಳಿಯಲ್ಲಿ ವಾಸಿಸುವುದು ಎಂಬುದು ಅದರ ಮೂಲಾರ್ಥ. ಪ್ರಾರ್ಥನೆಯೊಡನೆ ಹೊಂದುವುದಕ್ಕೆ ಇದಕ್ಕಿಂತ ಒಳ್ಳೆಯ ಮಾತು ಸಿಕ್ಕುತ್ತಿರಲಿಲ್ಲವೆಂದು ನನ್ನ ಎಣಿಕೆ. ಮೈಸೂರು ಸೀಮೆಯಲ್ಲಿ ಕೆಲಸ ಮಾಡಿದ ವೆಸ್ಲಿಯನ್ನರ ಮೂಲಪುರುಷನಾದ ಜಾನ್ ವೆಸ್ಲಿಯು ಆಕ್ಸ್‌ಫರ್ಡಿನ ದಿನಗಳಲ್ಲಿ ಬುಧವಾರ ಶುಕ್ರವಾರಗಳಂದು ಮಧ್ಯಾಹ್ನ ಮೂರು ಗಂಟೆಯವರೆಗೆ ಏನನ್ನೂ ತಿನ್ನುತ್ತಿರಲಿಲ್ಲ. ಇಂದು ಕನ್ನಡದ ಅನೇಕ ಸಭೆಗಳಲ್ಲಿ ‘ಉಪವಾಸ ಪ್ರಾರ್ಥನೆ’ ಎಂಬುದು ಒಂದೇ ಮಾತಾಗಿ ಬಳಕೆಯಲ್ಲಿದೆ.

ಇಷ್ಟೆಲ್ಲ ಬೋಧೆಗೆ ಉತ್ತರವಾಗಿ ಬಂದದ್ದು ಧಾತು ಈಶ್ವರ ಸಂವತ್ಸರಗಳ ಬರ. 1876ರಲ್ಲಿ ಮಳೆ ಕೈಕೊಟ್ಟಿತು, ಹಗೇವುಗಳು ಬರಿದಾದುವು, 1877ರಲ್ಲಿ ದಾರಿಯುದ್ದಕ್ಕೂ ಜನ ಬಿದ್ದರು. ಚಿತ್ರದುರ್ಗ, ತುಮಕೂರು, ಕೋಲಾರಗಳಿಗೆ ತಟ್ಟಿದ ಪೆಟ್ಟು ಮಲೆನಾಡಿಗೆ ತಟ್ಟಲಿಲ್ಲ. 1871ರ ಖಾನೇಷುಮಾರಿಯಲ್ಲಿ ಸಂಸ್ಥಾನದ ಜನಸಂಖ್ಯೆ 50,55,412, 1881ರಲ್ಲಿ 41,86,188. ನೆರೆಯ ಮದರಾಸು ಪ್ರಾಂತದಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯು ಕ್ಷಾಮದ ಕೂಲಿಯಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಸಾಕೆಂದು ವಿಧಿಸಿದನು. ಅದು ಸಾಲದೆಂದು ಡಾಕ್ಟರ್ ಕಾರ್ನಿಷ್ ಎಂಬ ವೈದ್ಯಾಧಿಕಾರಿಯು ವಾದಿಸಿದನು. ಪರರ ಹೊಟ್ಟೆಗೆ ಉಪವಾಸ ಗೊತ್ತುಮಾಡುವುದು ಯಾವ ಧರ್ಮಗ್ರಂಥದಲ್ಲಿಯೂ ತಪಸ್ಸೆನಿಸಿಕೊಂಡಿಲ್ಲ.

ಅಂದು ಉಪವಾಸವನ್ನು ಬೋಧಿಸಿದ್ದವರೇ ಗಂಜಿ ಹಂಚಲು ನಿಂತರು. ಅವರ ಶಾಸ್ತ್ರದಲ್ಲಿ ಅದಕ್ಕೆ ವಿರೋಧವಿರಲಿಲ್ಲ. ಹಸಿದವನೊಡನೆ ರೊಟ್ಟಿಯನ್ನು ಹಂಚಿಕೊಳ್ಳುವುದೇ ದೇವರು ಮೆಚ್ಚುವ ಉಪವಾಸವೆಂದು ಯೆಶಾಯ ಪ್ರವಾದಿಯು ಬಹು ಹಿಂದೆಯೇ ಸಾರಿದ್ದನು. ರೋಗಿಗಳಿಗೂ ಮೈಮುರಿದು ದುಡಿಯುವವರಿಗೂ ರೋಮನ್ ಸಭೆಯು ಉಪವಾಸದಿಂದ ಬಿಡುವು ಕೊಟ್ಟಿತ್ತು. ವೆಸ್ಲಿಯನ್ನರು ತುಮಕೂರು ಹಾಸನಗಳಲ್ಲಿ ಅನಾಥಾಲಯಗಳನ್ನು ತೆರೆದರು. ಕಥೋಲಿಕರು ಬೆಂಗಳೂರಿನ ಉತ್ತರಕ್ಕೆ, ಹೆಸರಘಟ್ಟದ ಕಡೆ, ಅನಾಥರನ್ನು ಬೇಸಾಯಕ್ಕೆ ನಿಲ್ಲಿಸಿದ ಊರು ಸಿಲುವೆಪುರ. ಅನ್ನಕ್ಕಾಗಿ ಮತಾಂತರವಾದವರೆಂಬ ನಿಂದೆಯೂ ಅಂದಿನಿಂದ ಹುಟ್ಟಿತು. ಅದರಲ್ಲಿ ಸತ್ಯವಿಲ್ಲವೆನ್ನಲಾಗದು, ಆದರೆ ಸಾಯುತ್ತಿರುವ ಮಗುವಿಗೆ ಗಂಜಿಯ ಜಾತಿಯನ್ನು ವಿಚಾರಿಸಲು ವ್ಯವಧಾನವೆಲ್ಲಿಯದು? ನನಗೆ ಹೆಚ್ಚು ಕುತೂಹಲವಾಗಿರುವುದು ಬೇರೊಂದು ಪ್ರಶ್ನೆ. ಈಶ್ವರ ಸಂವತ್ಸರದಲ್ಲಿ ಹಸಿವಿನಿಂದ ತಂದೆತಾಯಿಗಳನ್ನು ಕಳೆದುಕೊಂಡು ಬದುಕುಳಿದವರು, ದೊಡ್ಡವರಾದ ಮೇಲೆ ಬೂದಿ ಬುಧವಾರ ಬಂದಾಗ ಒಂದು ಹೊತ್ತಿನ ಮುದ್ದೆಯನ್ನು ತಾವಾಗಿಯೇ ಬಿಡಬೇಕಾಗಿತ್ತು. ಅವರ ಪಾಲಿಗೆ ಆ ಮಾತಿಗೆ ಯಾವ ಅರ್ಥವಿದ್ದಿತು?

ಆ ಪ್ರಶ್ನೆಯನ್ನು ರೋಮಿನ ಕಾನೂನು ಗಮನಕ್ಕೆ ತಂದುಕೊಳ್ಳಲು ಸುಮಾರು ತೊಂಬತ್ತು ವರ್ಷ ಹಿಡಿಯಿತು. 1964ರ ಡಿಸೆಂಬರಿನಲ್ಲಿ ಬೊಂಬಾಯಿಗೆ ಬಂದು ಹೋಗಿದ್ದ ಪೋಪ್ ಆರನೆಯ ಪೌಲರು 1966ರ ಫೆಬ್ರವರಿಯಲ್ಲಿ ಒಂದು ಆಜ್ಞಾಪತ್ರವನ್ನು ಹೊರಡಿಸಿ, ಕಡ್ಡಾಯದ ಉಪವಾಸವನ್ನು ಬೂದಿ ಬುಧವಾರ, ಶುಭ ಶುಕ್ರವಾರ ಎಂಬ ಎರಡು ದಿನಗಳಿಗೆ ಇಳಿಸಿದರು. ಸಂಪತ್ತುಳ್ಳ ದೇಶಗಳವರು ತಮ್ಮ ಭೋಗವನ್ನು ಕಡಮೆಮಾಡಿ ಹಸಿದ ದೇಶಗಳವರಿಗೆ ನೆರವಾಗಬೇಕೆಂದೂ, ಬಡ ದೇಶಗಳವರು ತಾವು ಈಗಾಗಲೇ ಪಡುತ್ತಿರುವ ಕಷ್ಟವನ್ನೇ ಪ್ರಾರ್ಥನೆಯಲ್ಲಿ ಅರ್ಪಿಸಿದರೆ ಸಾಕೆಂದೂ ಅದರಲ್ಲಿ ಬರೆದಿದೆ.